ಅಳತೆಗೆ ತಕ್ಕ ಗಾಲಿಕುರ್ಚಿ

ಮಗುವಿಗೆ ಅಂಗಿ ಹೊಲಿಸಬೇಕಾದರೆ ದರ್ಜಿಯು ಭುಜ, ಎದೆ, ತೋಳುಗಳ ಅಳತೆ ತೆಗೆದುಕೊಳ್ಳುತ್ತಾನೆ. ಕಾಲಿಗೆ ಚಪ್ಪಲಿ ಬೇಕಾದರೆ ನಾವು ನಾಲ್ಕು ಜೊತೆ ಮೆಟ್ಟಿ, ಅಂಗಡಿಯಲ್ಲಿಯೇ ನಡೆದು ನೋಡಿ, ಅನಂತರ ಹಣ ಕೊಡುತ್ತೇವೆ. ಎತ್ತಿನ ಹೆಗಲಿಗೆ ನೊಗವಿಡುವಾಗಲೂ ಅದು ಎಲ್ಲಿ ಒತ್ತೀತು, ಎಲ್ಲಿ ಉಜ್ಜೀತು ಎಂದು ರೈತನು ಕೈಯಾಡಿಸಿ ನೋಡುವುದುಂಟು. ಆದರೆ ದಿನಕ್ಕೆ ಹತ್ತು ಹನ್ನೆರಡು ತಾಸು ಕುಳಿತೇ ಬಾಳಬೇಕಾದ ಮನುಷ್ಯನಿಗೆ ಗಾಲಿಕುರ್ಚಿ ತರುವಾಗ ಮಾತ್ರ ಅಳತೆಯ ಮಾತೇ ಬರುವುದಿಲ್ಲ. ‘ಒಂದು ಗಾಲಿಕುರ್ಚಿ ಕೊಡಿ’ ಎನ್ನುತ್ತೇವೆ. ಅಂಗಡಿಯವರು ಮಡಚಿಟ್ಟ ಒಂದನ್ನು ಬಿಚ್ಚಿ ಕೊಡುತ್ತಾರೆ. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ.

ನಾವು ಕೈಗಾರಿಕಾ ತರಬೇತಿ ಕೇಂದ್ರವೊಂದರಲ್ಲಿ ಫಿಟ್ಟರ್ ವಿಭಾಗದ ಬೋಧಕರಾಗಿದ್ದು ನಿವೃತ್ತರಾದವರು. ಕಬ್ಬಿಣ ಕೊಯ್ಯುವುದು, ಕೊರೆಯುವುದು, ಅರ ಹಾಕಿ ಹದಗೊಳಿಸುವುದು ನಮ್ಮ ಕಾಯಕವಾಗಿತ್ತು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ನಮ್ಮ ಬಂಧುಬಳಗ ಹರಡಿಕೊಂಡಿದೆ. ಮದುವೆ, ಗೃಹಪ್ರವೇಶ, ಪುಣ್ಯಸ್ಮರಣೆಗಳ ನಿಮಿತ್ತ ಈ ಊರುಗಳಿಗೆ ಹೋದಾಗಲೆಲ್ಲ ಪಡಸಾಲೆಯ ಮೂಲೆಯಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತವರನ್ನು ಕಂಡು ಮಾತನಾಡಿಸುವುದು ನಮ್ಮ ರೂಢಿಯಾಗಿದೆ. ಹಾಗೆ ಕಂಡ ಮೂರು ಮನೆಗಳ ಸಂಗತಿಯನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಹೊಂದಿಸಿಕೊಳ್ಳುವ ಕುರ್ಚಿ

ಅಫಜಲಪುರ ತಾಲೂಕಿನ ಭೀಮಾತೀರದ ಹಳ್ಳಿಯೊಂದರಲ್ಲಿ ನಮ್ಮ ಹಿರಿಯ ಅಕ್ಕನವರ ಮನೆಯಿದೆ. ಎಪ್ಪತ್ತರ ಸಮೀಪದ ವಯಸ್ಸಿನಲ್ಲಿ ಅವರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತುಹೋದವು. ಮಕ್ಕಳು ಭಕ್ತಿಯಿಂದ ಪೇಟೆಗೆ ಹೋಗಿ ಹೊಳೆಹೊಳೆಯುವ ಗಾಲಿಕುರ್ಚಿಯನ್ನು ತಂದರು. ಆದರೆ ಅಕ್ಕನವರು ಎಡಗೈಯೊಂದರಿಂದ ಚಕ್ರ ತಳ್ಳಿದರೆ ಕುರ್ಚಿಯು ಇದ್ದಲ್ಲಿಯೇ ಸುತ್ತುತ್ತಿತ್ತೇ ಹೊರತು ಮುಂದೆ ಸಾಗುತ್ತಿರಲಿಲ್ಲ. ನೀರು ಬೇಕಾದರೂ, ಬಾಗಿಲಿಗೆ ಹೋಗಬೇಕಾದರೂ, ದೇವರ ಕೋಣೆಗೆ ಹೋಗಬೇಕಾದರೂ ಸೊಸೆಯನ್ನು ಕೂಗಬೇಕು. ಇಡೀ ಮನೆಯನ್ನು ನಡೆಸಿದ ಹೆಣ್ಣುಮಗಳು ಎಂಟು ತಿಂಗಳಲ್ಲಿ ಮಾತನ್ನೇ ಕಡಿಮೆ ಮಾಡಿದರು.

ಲಕ್ವಾ ಆದವರು ಗಟ್ಟಿಯಿರುವ ಕೈಯಿಂದ ಚಕ್ರವನ್ನು ತಳ್ಳುತ್ತ, ಅದೇ ಬದಿಯ ಕಾಲಿನಿಂದ ನೆಲವನ್ನು ಎಳೆದುಕೊಳ್ಳುತ್ತ ನೇರವಾಗಿ ಸಾಗಬಹುದೆಂದು ಕಲಬುರಗಿಯ ಫಿಸಿಯೋಥೆರಪಿಸ್ಟ್ ಒಬ್ಬರು ನಮಗೆ ವಿವರಿಸಿದರು. ಅದಕ್ಕೆ ಹಿಮ್ಮಡಿಯು ನೆಲಕ್ಕೆ ಪೂರ್ತಿ ಮುಟ್ಟಬೇಕು. ನಾವು ಟೇಪು ಹಿಡಿದು ನೋಡಿದೆವು. ದಿಂಬು ಸೇರಿ ಆಸನದ ಎತ್ತರ 20 ಅಂಗುಲ. ಅಕ್ಕನವರ ಮೊಣಕಾಲ ಹಿಂಬದಿಯಿಂದ ಹಿಮ್ಮಡಿಯವರೆಗೆ 17 ಅಂಗುಲ. ಅವರನ್ನು ಪರಾಧೀನರನ್ನಾಗಿ ಮಾಡಿದ್ದು ಆ 3 ಅಂಗುಲ.

ಊರ ಬಡಿಗೇರರಿಂದ ಒಂದು ಗಟ್ಟಿ ಹಲಗೆ ಮಾಡಿಸಿ, ನಾಲ್ಕು ಕಬ್ಬಿಣದ ಕೊಕ್ಕೆಗಳಿಂದ ಅದನ್ನು ಆಸನದ ಎರಡು ಕೊಳವೆಗಳಿಗೆ ತೂಗುಹಾಕಿದೆವು. ಹಳೆಯ ರೆಕ್ಸಿನ್ ಆಸನ ತೆಗೆದು ಈ ಹಲಗೆ ಇಟ್ಟುದರಿಂದ 2 ಅಂಗುಲ ಇಳಿಯಿತು. ಹಿಂಚಕ್ರದ ಅಚ್ಚಿಗೆ ರಂಧ್ರಗಳಿರುವ ಪಟ್ಟಿಯೊಂದನ್ನು ಜೋಡಿಸಿ ಅಚ್ಚನ್ನು ಅಂಗುಲದಷ್ಟು ಮೇಲಕ್ಕೇರಿಸಿ, ಮುಂದಿನ 8 ಅಂಗುಲದ ಸಣ್ಣ ಗಾಲಿಗಳ ಬದಲು 6 ಅಂಗುಲದವನ್ನು ಹಾಕಿದಾಗ ಉಳಿದ ಒಂದು ಅಂಗುಲವೂ ಇಳಿಯಿತು. ಎಡಗಾಲಿನ ಪಾದದಾಣಿಯನ್ನು ಕಳಚಿಟ್ಟೆವು. ಬಲಗಾಲಿನದು ಹಾಗೆಯೇ ಉಳಿಯಿತು. ಬಲಬದಿಯ ಬ್ರೇಕಿನ ಹಿಡಿಗೆ ಒಂದು ಗೇಣು ಉದ್ದದ ಕೊಳವೆ ತೊಡಿಸಿದ್ದರಿಂದ ಅದು ಎಡಗೈಗೆ ಎಟುಕುವಂತಾಯಿತು. ಮನೆಯೊಳಗೆಲ್ಲ ನುಣುಪಾದ ಶಹಾಬಾದ್ ಕಲ್ಲಿನ ಹಾಸು ಇರುವುದರಿಂದ ಸಣ್ಣ ಗಾಲಿಗಳಿಗೆ ತೊಡಕಿಲ್ಲ. ಹೊಸ್ತಿಲನ್ನು ಕಡಿಯುವುದು ಯಾರಿಗೂ ಮನಸ್ಸಿಗೆ ಬಾರದು. ಅದಕ್ಕಾಗಿ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬ ಲೆಕ್ಕದಂತೆ, 4 ಅಂಗುಲದ ಹೊಸ್ತಿಲಿಗೆ ಎರಡೂ ಬದಿ 4 ಅಡಿಯ ಹಲಗೆಗಳನ್ನು ಇಳಿಜಾರಾಗಿ ಇಟ್ಟೆವು. ಬೇಡವಾದಾಗ ತೆಗೆದಿಡಬಹುದು.

ಮೂರು ದಿನಗಳ ಅಭ್ಯಾಸದ ಅನಂತರ ಅಕ್ಕನವರು ಬೆಳಿಗ್ಗೆ ತಾವೇ ದೇವರ ಕೋಣೆಗೆ ಹೋಗಿ ಪೂಜೆ ಮುಗಿಸಿ ಹೊರಬಂದರು. “ತಮ್ಮಾ, ಇವತ್ತ ಯಾರಿಗೂ ಕರೀಲಿಲ್ಲ ನೋಡು” ಎಂದರು. ಗಾಲಿಕುರ್ಚಿ ಮಾಡಬೇಕಾದ ಕೆಲಸವೆಂದರೆ ಇದೇ ಅಲ್ಲವೇ?

ಈ ರೂಪ ಎಲ್ಲಿಂದ ಬಂತು?

ಇಂದು ನಮ್ಮ ಅಂಗಡಿಗಳಲ್ಲಿ ಕಾಣುವ ಮಡಚುವ ಗಾಲಿಕುರ್ಚಿಯ ಮೂಲರೂಪವು ಅಮೆರಿಕದಲ್ಲಿ ಹುಟ್ಟಿದ್ದು. ಹರ್ಬರ್ಟ್ ಎವರೆಸ್ಟ್ ಎಂಬ ಗಣಿ ಎಂಜಿನಿಯರರು 1918ರಲ್ಲಿ ಗಣಿ ಅಪಘಾತದಲ್ಲಿ ಬೆನ್ನೆಲುಬು ಮುರಿದುಕೊಂಡರು. ಅಂದಿನ ಮರದ ಭಾರವಾದ ಕುರ್ಚಿಯನ್ನು ಕಾರಿನಲ್ಲಿ ಒಯ್ಯಲು ಆಗುತ್ತಿರಲಿಲ್ಲ. ಅವರೂ ಅವರ ಎಂಜಿನಿಯರ್ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಅವರೂ ಸೇರಿ 1930ರ ದಶಕದ ಆರಂಭದಲ್ಲಿ ಉಕ್ಕಿನ ಕೊಳವೆಗಳನ್ನು ಕತ್ತರಿಯಂತೆ ಅಡ್ಡಲಾಗಿ ಜೋಡಿಸಿ, ಮಡಚಿ ಕಾರಿನಲ್ಲಿಡಬಹುದಾದ ಕುರ್ಚಿಯನ್ನು ರೂಪಿಸಿದರು. ತನ್ನ ಕೊರತೆಯನ್ನು ತಾನೇ ಅರಿತವನು ಕಂಡುಕೊಂಡ ಉಪಾಯ ಅದು. ಆ ದೇಶದ ಸಮತಟ್ಟಾದ ರಸ್ತೆಗೆ, ಕಾರಿಗೆ, ಆಸ್ಪತ್ರೆಯ ನುಣುಪು ನೆಲಕ್ಕೆ ಅದು ಒಪ್ಪುವಂತಹುದೇ ಆಗಿತ್ತು.

ಆದರೆ ಅದೇ ರೂಪವು ನಮ್ಮ ಎರೆನೆಲಕ್ಕೆ ಬಂದಾಗ ಒಪ್ಪುವುದೇ? ನಮ್ಮ ಭೂಮಿ ಬೇಸಿಗೆಯಲ್ಲಿ ಬಿರಿದು ಬಾಯಿ ತೆರೆಯುತ್ತದೆ. ಮಳೆ ಬಿದ್ದರೆ ಗಾಲಿಗೆ ಮುದ್ದೆಯಾಗಿ ಮೆತ್ತಿಕೊಳ್ಳುತ್ತದೆ. ಮುಂದಿನ ಸಣ್ಣ, ತೆಳು ಗಾಲಿ ಇಂತಹ ಮಣ್ಣಿನಲ್ಲಿ ಹೂತು, ಕುಳಿತವರು ಮುಂದಕ್ಕೆ ಮುಗ್ಗರಿಸುವುದುಂಟು. ಉಷ್ಣಾಂಶ 42 ಡಿಗ್ರಿ ದಾಟುವ ವೈಶಾಖದಲ್ಲಿ ರೆಕ್ಸಿನ್ ಆಸನವು ಬೆವರಿನಿಂದ ತೊಯ್ದು ಚರ್ಮವನ್ನು ನೆನೆಸಿಡುತ್ತದೆ. ಇದು ಸಣ್ಣ ಅನಾನುಕೂಲವಲ್ಲ ಎಂಬುದಕ್ಕೆ ಮುಂದಿನ ಸಂಗತಿಯೇ ಸಾಕ್ಷಿ.

ಕುಳಿತ ಸುಖ, ಕುಳಿತ ಗಾಯ

ಜೇವರ್ಗಿ ತಾಲೂಕಿನ ನಮ್ಮ ಬೀಗರ ಊರಿನಲ್ಲಿ ಇಪ್ಪತ್ತನಾಲ್ಕು ವರ್ಷದ ಯುವಕನೊಬ್ಬನು ಹುಣಸೆಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡನು. ಸೊಂಟದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶಜ್ಞಾನವೂ ಇಲ್ಲ. ಸಮಾರಂಭವೊಂದರಲ್ಲಿ ಅವನಿಗೆ ಹಾರ ಹಾಕಿ ಗಾಲಿಕುರ್ಚಿ ಕೊಟ್ಟರು. ಅವನ ಸೊಂಟದ ಅಗಲ 14 ಅಂಗುಲ, ಕುರ್ಚಿಯ ಅಗಲ 18 ಅಂಗುಲ. ನಡುವೆ ಜೋತುಬಿದ್ದ ಆಸನದಲ್ಲಿ ಅವನು ಒಂದು ಬದಿಗೆ ವಾಲಿಕೊಂಡು, ಎಲ್ಲ ಭಾರವನ್ನೂ ಒಂದೇ ಎಲುಬಿನ ಮೇಲೆ ಹಾಕಿ ಕುಳಿತುಕೊಳ್ಳುತ್ತಿದ್ದ. ದಿಂಬು ಇರಲಿಲ್ಲ.

ನಾವು ನೀವು ಬಹಳ ಹೊತ್ತು ಕುಳಿತರೆ ಕೆಳಗೆ ಜೋಮು ಹಿಡಿಯುತ್ತದೆ. ಅರಿವಿಲ್ಲದೆ ಮಗ್ಗಲು ಬದಲಿಸುತ್ತೇವೆ. ಸ್ಪರ್ಶಜ್ಞಾನವಿಲ್ಲದವರಿಗೆ ಆ ಎಚ್ಚರಿಕೆ ಬಾರದು. ಎಲುಬು ಮತ್ತು ಆಸನದ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಅದು ಒಳಗಿನಿಂದಲೇ ಸಾಯತೊಡಗುತ್ತದೆ. ಮೇಲೆ ಕೆಂಪು ಕಲೆಯೊಂದು ಕಾಣುವ ವೇಳೆಗೆ ಒಳಗೆ ಬಹಳ ಕೆಟ್ಟಿರಬಹುದು. ಆ ಯುವಕನಿಗೆ ಮೂರು ತಿಂಗಳಲ್ಲಿ ಕುಂಡೆಯ ಮೇಲೆ ಹುಣ್ಣಾಯಿತು; ಮಾಯಲು ಏಳು ತಿಂಗಳು ಬೇಕಾಯಿತು. ಆ ಏಳು ತಿಂಗಳನ್ನೂ ಅವನು ಬೋರಲು ಮಲಗಿ ಕಳೆದ. ಇಂತಹ ಹುಣ್ಣಿನ ನಂಜು ರಕ್ತಕ್ಕೇರಿ ಪ್ರಾಣ ಹೋದವರೂ ಉಂಟು. ಅವನ ತಾಯಿ ನಮ್ಮೊಡನೆ ಹೇಳಿದ ಮಾತಿದು: “ಯಪ್ಪಾ, ಮರದಿಂದ ಬಿದ್ದಾಗ ಉಳದಾನ, ಕುರ್ಚಿ ಮ್ಯಾಲ ಕುಂತು ಹೋಗ್ತಾನೇನೊ ಅಂತ ಅಂಜಿಕಿ ಬಂದಿತ್ತು.”

ಗಾಯ ಮಾಯ್ದ ಮೇಲೆ ಬೆಂಗಳೂರಿನ ಸೇವಾಸಂಸ್ಥೆಯೊಂದರ ಕಾರ್ಯಾಗಾರದಲ್ಲಿ ಅಳತೆ ಕೊಟ್ಟು 14 ಅಂಗುಲದ ಕುರ್ಚಿ ಪಡೆದುದಾಯಿತು. ಅದಕ್ಕೆ ಎರಡು ಪದರದ ಫೋಮ್ ದಿಂಬು. ಕೆಳಪದರ ಗಟ್ಟಿ, ಕುಳಿತಾಗ ಎಲುಬುಗಳು ಬರುವ ಜಾಗದಲ್ಲಿ ಅದಕ್ಕೆ ತಗ್ಗು ಕೊರೆದಿದೆ. ಮೇಲ್ಪದರ ಮೆದು. ಹೊದಿಕೆ ಒಗೆಯಬಹುದಾದ ಬಟ್ಟೆಯದು. ದಿಂಬು ಸರಿಯಾಗಿದೆಯೇ ಎಂದು ನೋಡುವ ಒಂದು ಸುಲಭ ಪರೀಕ್ಷೆಯೂ ಇದೆ: ಅವರು ಕುಳಿತಿರುವಾಗ ದಿಂಬಿನ ಕೆಳಗೆ, ಎಲುಬಿನ ನೇರಕ್ಕೆ ಬೆರಳು ತೂರಿಸಬೇಕು. ಬೆರಳ ತುದಿಯನ್ನು ಮೇಲೆ ಕೆಳಗೆ ಆಡಿಸಲು ಬಂದರೆ ದಿಂಬು ಕೆಲಸ ಮಾಡುತ್ತಿದೆ. ಬೆರಳು ಬಿಗಿಯಾಗಿ ಸಿಕ್ಕಿಕೊಂಡರೆ ದಿಂಬು ಸಾಲದು. ದಿಂಬಿದ್ದರೂ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಿ ಅಥವಾ ಬದಿಗೆ ವಾಲಿ ಭಾರ ತಪ್ಪಿಸಬೇಕು. ರಾತ್ರಿ ಮಲಗುವಾಗ ಮನೆಯವರು ಚರ್ಮವನ್ನು ನೋಡಬೇಕು. ಈಗ ಆ ಯುವಕನು ಹಿಟ್ಟಿನ ಗಿರಣಿಯೊಂದನ್ನು ನಡೆಸುತ್ತಾನೆ. ಗಿರಣಿಯ ಗದ್ದಲದ ನಡುವೆಯೂ ಗಡಿಯಾರ ನೋಡಿ ಮುಂದಕ್ಕೆ ಬಾಗುವುದನ್ನು ಅವನು ಮರೆಯುವುದಿಲ್ಲ.

ಸೈಕಲ್ ಅಂಗಡಿಯಲ್ಲಿ ದುರಸ್ತಿ

ಆಳಂದ ತಾಲೂಕಿನಲ್ಲಿ ನಮ್ಮ ಪರಿಚಯದ ಶಿಕ್ಷಕಿಯೊಬ್ಬರಿದ್ದಾರೆ. ಎಳವೆಯಲ್ಲಿಯೇ ಪೋಲಿಯೋ ಬಂದು ಎರಡೂ ಕಾಲುಗಳ ಬಲ ಹೋಯಿತು. ಭಾರತದಲ್ಲಿ ಕಾಡು ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ; 2014ರ ಮಾರ್ಚ್‌ನಲ್ಲಿ ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರವೂ ಬಂತು. ರೋಗ ಹೋಯಿತು ನಿಜ, ಆದರೆ ಅದರಿಂದ ಬಾಧಿತರಾದವರು ನಮ್ಮ ನಡುವೆ ಮುಪ್ಪಿನತ್ತ ಸಾಗುತ್ತಿದ್ದಾರೆ. ಊರುಗೋಲಿನ ಮೇಲೆ ನಡೆದವರ ಭುಜಗಳು ಈಗ ಸೋಲುತ್ತಿವೆ. ಅವರಿಗೂ ಗಾಲಿಕುರ್ಚಿ ಬೇಕಾಗುತ್ತಿದೆ.

ಈ ತಾಯಿಗೆ ದಾನಿಯೊಬ್ಬರು ಹೊರದೇಶದ ಅಂದವಾದ ಕುರ್ಚಿಯೊಂದನ್ನು ಕೊಟ್ಟಿದ್ದರು. ಒಂದು ವರ್ಷ ಸುಖವಾಗಿ ನಡೆಯಿತು. ಅನಂತರ ಮುಂಗಾಲಿಯ ಟೈರು ಸೀಳಿತು. ಆ ಅಳತೆಯ ಟೈರು ಆಳಂದದಲ್ಲಿ ಸಿಗಲಿಲ್ಲ, ಕಲಬುರಗಿಯಲ್ಲಿ ಸಿಗಲಿಲ್ಲ, ಗಡಿಯಾಚೆಯ ಸೋಲಾಪುರದಲ್ಲಿಯೂ ಸಿಗಲಿಲ್ಲ. ನಾವು ಹೋದಾಗ ಆ ಕುರ್ಚಿ ದನದ ಕೊಟ್ಟಿಗೆಯಲ್ಲಿ ಕಣಿಕೆಯ ಸೂಡುಗಳ ಅಡಿ ಬಿದ್ದಿತ್ತು. ಒಂದು ಟೈರಿಗಾಗಿ ಇಡೀ ಕುರ್ಚಿ ಹಾಳು. ಕುರ್ಚಿಗಾಗಿ ಶಾಲೆಗೆ ರಜೆ.

ಅವರ ಊರಿನ ಸೈಕಲ್ ಅಂಗಡಿಯ ಹುಡುಗನನ್ನು ಕರೆದು ಕುರ್ಚಿ ತೋರಿಸಿದೆವು. ಅವನು ಸುತ್ತ ನೋಡಿ, “ಹಿಂದಿನ ಗಾಲಿಗಿ 24ರ ಸೈಕಲ್ ಟೈರ್ ಕೂಡ್ತದ್ರಿ. ಮುಂದಿಂದು ಫೋರ್ಕ್ ಬದಲಿ ಮಾಡಿದ್ರ ಪ್ಯಾಟ್ಯಾಗ ಸಿಗೋ ಗಟ್ಟಿ ರಬ್ಬರ್ ಗಾಲಿ ಹಾಕಬಹುದು” ಎಂದ. ವೆಲ್ಡಿಂಗ್ ಅಂಗಡಿಯಲ್ಲಿ ಫೋರ್ಕ್ ಅಗಲ ಮಾಡಿಸಿ, ಎಲ್ಲಿಯೂ ದೊರೆಯುವ ಬೇರಿಂಗ್ ಕೂಡುವಂತೆ ತೂತು ಕೊರೆಸಿ, ಬೇರೆ ಬೇರೆ ಅಳತೆಯ ಬೋಲ್ಟುಗಳ ಬದಲು ಒಂದೇ ಪಾನಾದಿಂದ ಬಿಚ್ಚಬಹುದಾದ ಬೋಲ್ಟುಗಳನ್ನು ಹಾಕಿಸಿದೆವು. ಹರಿದ ಆಸನಕ್ಕೆ ದಪ್ಪ ಕ್ಯಾನ್ವಾಸ್ ಬಂತು. ಅಗಲವಾದ ಮುಂಗಾಲಿ ಕೆಸರಿನಲ್ಲಿ ಮೊದಲಿನಷ್ಟು ಹೂಳುವುದಿಲ್ಲ. ಅಂದಿನಿಂದ ಪಂಕ್ಚರ್ ಆಗಲಿ, ಕಡ್ಡಿ ಮುರಿಯಲಿ, ಅರ್ಧ ದಿನದಲ್ಲಿ ಕುರ್ಚಿ ಮನೆಗೆ ಬರುತ್ತದೆ.

ಬಾಳಿಕೆ ಎಂಬುದು ಲೋಹದ ಗಟ್ಟಿತನ ಮಾತ್ರವಲ್ಲ. ಕೆಟ್ಟಾಗ ಯಾರು, ಎಲ್ಲಿ, ಯಾವ ಸಾಮಾನಿನಿಂದ ಸರಿಪಡಿಸಿಯಾರು ಎಂಬ ಪ್ರಶ್ನೆಗೆ ಉತ್ತರವಿರುವ ಕುರ್ಚಿಯೇ ಬಾಳುವ ಕುರ್ಚಿ. ಅಳತೆ ಬದಲಿಸಬಹುದಾದ ಕುರ್ಚಿಗೆ ಇನ್ನೊಂದು ಗುಣವಿದೆ. ಮಗು ಬೆಳೆದಂತೆ ಅದೂ ಹೊಂದಿಕೊಳ್ಳುತ್ತದೆ. ಒಬ್ಬರ ಕಾಲ ಮುಗಿದ ಮೇಲೆ ಇನ್ನೊಬ್ಬರ ಮೈಗೆ ಹೊಂದಿಸಿ ಕೊಡಲು ಬರುತ್ತದೆ. ಕಬ್ಬಿಣವೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಲೋಕ ಕಂಡುಕೊಂಡ ದಾರಿ

ನಾವು ಹಳ್ಳಿಯಲ್ಲಿ ಕಂಡುಕೊಂಡ ಈ ಸತ್ಯವನ್ನು ಲೋಕದ ತಿಳಿದವರೂ ಕಂಡುಕೊಂಡಿದ್ದಾರೆ. 1966ರಲ್ಲಿ ಮೋಟಾರ್ ಸೈಕಲ್ ಅಪಘಾತದಿಂದ ಕಾಲುಗಳ ಬಲ ಕಳೆದುಕೊಂಡು, ಮುಂದೆ ಎಂಜಿನಿಯರ್ ಆದ ಅಮೆರಿಕದ ರಾಲ್ಫ್ ಹಾಚ್‌ಕಿಸ್ 1980ರಲ್ಲಿ ನಿಕರಾಗುವಾ ದೇಶಕ್ಕೆ ಹೋದರು. ಅಲ್ಲಿ ಕೆಲವು ಯುವಕರು ಒಂದೇ ಗಾಲಿಕುರ್ಚಿಯನ್ನು ಹಂಚಿಕೊಂಡು ಬಳಸುತ್ತ, ಮುರಿದಾಗಲೆಲ್ಲ ತಾವೇ ಉಪಾಯ ಮಾಡಿ ಸರಿಪಡಿಸಿಕೊಳ್ಳುತ್ತಿದ್ದುದನ್ನು ಕಂಡರು. ಅವರಿಂದಲೇ ಕಲಿತು, ಸ್ಥಳೀಯ ಸಾಮಾನುಗಳಿಂದ ಸ್ಥಳೀಯರೇ ಮಾಡಬಹುದಾದ ಕುರ್ಚಿಗಳನ್ನು ರೂಪಿಸುತ್ತ ಹೋದರು. ಅವರ ಬಳಗದ ‘ರಫ್‌ರೈಡರ್’ ಕುರ್ಚಿಗೆ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಹೆಚ್ಚು ಅಂತರ, ಮುಂಗಾಲಿಗೆ ಹೆಚ್ಚು ಅಗಲ. ಇದರಿಂದ ಅದು ಒರಟು ನೆಲದಲ್ಲಿ ಮುಗ್ಗರಿಸುವುದು ಕಡಿಮೆ.

ಅಮೆರಿಕದ ಎಂಐಟಿಯಲ್ಲಿ ಅಮೋಸ್ ವಿಂಟರ್ ಮತ್ತು ಅವರ ಬಳಗದವರು ಸೈಕಲ್ಲಿನ ಬಿಡಿಭಾಗಗಳನ್ನು ಬಳಸಿ, ಎರಡು ಸನ್ನೆಗೋಲುಗಳಿಂದ ನಡೆಯುವ ಕುರ್ಚಿಯನ್ನು ಮಾಡಿದರು. ಗೋಲನ್ನು ಮೇಲೆ ಹಿಡಿದು ತಳ್ಳಿದರೆ ಬಲ ಹೆಚ್ಚು, ಕೆಳಗೆ ಹಿಡಿದರೆ ವೇಗ ಹೆಚ್ಚು. ಕೃತಕ ಕಾಲಿಗೆ ಹೆಸರಾದ ಜೈಪುರದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯ ಸಹಯೋಗದಲ್ಲಿ ಭಾರತದ ಬಳಕೆದಾರರೇ ಅದನ್ನು ಪರೀಕ್ಷಿಸಿ ನೋಡಿದರು.

ಈ ವಿಚಾರದಲ್ಲಿ ನಮ್ಮ ಕರ್ನಾಟಕಕ್ಕೂ ಒಂದು ಸ್ಥಾನವಿದೆ. ಸ್ವತಃ ಪೋಲಿಯೋ ಬಾಧಿತರಾದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ವಿಕಲಚೇತನರ ಸಂಸ್ಥೆಯನ್ನು ಕಟ್ಟಿದರು; ಎಪಿಡಿ ಎಂದು ಅದು ಹೆಸರಾಗಿದೆ. 1994ರಲ್ಲಿ ಅದೇ ನಗರದಲ್ಲಿ ಮೊಬಿಲಿಟಿ ಇಂಡಿಯಾ ಎಂಬ ಸಂಸ್ಥೆ ಆರಂಭವಾಯಿತು. 2006ರ ನವೆಂಬರ್ 6ರಿಂದ 11ರವರೆಗೆ, ಅಭಿವೃದ್ಧಿಶೀಲ ದೇಶಗಳ ಗಾಲಿಕುರ್ಚಿ ಹೇಗಿರಬೇಕೆಂದು ಚರ್ಚಿಸಲು ನಾನಾ ದೇಶಗಳ ತಜ್ಞರು ನೆರೆದದ್ದು ಬೆಂಗಳೂರಿನಲ್ಲಿಯೇ. ಅದರ ಅನಂತರ 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮಾರ್ಗಸೂಚಿಯನ್ನು ಹೊರತಂದಿತು. ಬಳಸುವವರ ಅಗತ್ಯಕ್ಕೂ ಪರಿಸರಕ್ಕೂ ಒಪ್ಪಬೇಕು, ಮೈಗೆ ಸರಿಹೊಂದಬೇಕು, ಸುರಕ್ಷಿತವೂ ಗಟ್ಟಿಯೂ ಆಗಿರಬೇಕು, ಆ ದೇಶದಲ್ಲಿಯೇ ಕೈಗೆಟುಕುವ ಬೆಲೆಗೆ ದೊರೆತು ದುರಸ್ತಿಯಾಗುವಂತಿರಬೇಕು ಎಂಬುದು ಅದರ ತಾತ್ಪರ್ಯ. ಅಳತೆ, ಹೊಂದಿಸುವಿಕೆ, ಬಳಸಲು ಕಲಿಸುವುದು, ಮತ್ತೆ ಮತ್ತೆ ಬಂದು ವಿಚಾರಿಸುವುದು ಎಲ್ಲ ಸೇರಿದರೇ ಅದು ಸೇವೆ. ಜಗತ್ತಿನಲ್ಲಿ ಸುಮಾರು 8 ಕೋಟಿ ಜನರಿಗೆ ಗಾಲಿಕುರ್ಚಿ ಬೇಕಾಗಿದೆಯೆಂದು ಅದೇ ಸಂಸ್ಥೆ 2023ರಲ್ಲಿ ಅಂದಾಜು ಮಾಡಿದೆ.

ಮದ್ರಾಸಿನ ಐಐಟಿಯ ಸಂಶೋಧನೆಯಿಂದ ಬಂದ ‘ನಿಯೋಫ್ಲೈ’ ಕುರ್ಚಿಯನ್ನು ಬಳಸುವವರ ಅಳತೆಗೆ ತಕ್ಕಂತೆ ಹೊಂದಿಸಿ ಕೊಡುತ್ತಾರೆ. 2025ರ ಜುಲೈಯಲ್ಲಿ ಅಲ್ಲಿಂದಲೇ ಬಂದ ‘ವೈಡಿ ಒನ್’ ಎಂಬುದರ ತೂಕ ಕೇವಲ 9 ಕಿಲೋ. ಇವೆಲ್ಲ ಪ್ರತಿ ಹಳ್ಳಿಗೂ ಬರಲು ಕಾಲ ಬೇಕಾದೀತು. ಅಲ್ಲಿಯವರೆಗೆ ಟೇಪು ಹಿಡಿಯುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಕೊಡುವ ಮುನ್ನ

ಹುಟ್ಟುಹಬ್ಬಕ್ಕೆ, ಹಿರಿಯರ ಸ್ಮರಣೆಗೆ, ಜಾತ್ರೆಯ ಸಂದರ್ಭಕ್ಕೆ ಗಾಲಿಕುರ್ಚಿಗಳನ್ನು ಕೊಡುವ ಪರಿಪಾಠ ನಮ್ಮ ಕುಟುಂಬಗಳಲ್ಲಿ ಬೆಳೆಯುತ್ತಿದೆ. ಇದು ಸಂತೋಷದ ಸಂಗತಿ. ಆದರೆ ದಾಸೋಹದ ಪಂಕ್ತಿಯಲ್ಲಿ ಹಸುಳೆಗೂ ಹೊಲ ಉತ್ತು ಬಂದವನಿಗೂ ಒಂದೇ ಅಳತೆಯಲ್ಲಿ ಬಡಿಸುವವರಿಲ್ಲ. ಉಣ್ಣುವವರ ಹಸಿವನ್ನು ನೋಡಿ ಬಡಿಸುತ್ತೇವೆ. ಕುರ್ಚಿ ಕೊಡುವುದರಲ್ಲಿಯೂ ಅದೇ ವಿವೇಕ ಬೇಡವೇ? ಒಂದೇ ಅಳತೆಯ ಹತ್ತು ಕುರ್ಚಿಗಳಿಗಿಂತ ಅಳತೆಯರಿತು, ದಿಂಬಿನ ಸಮೇತ ಕೊಟ್ಟ ನಾಲ್ಕು ಕುರ್ಚಿಗಳು ಹೆಚ್ಚು.

ನೋಡಬೇಕಾದ ಅಳತೆಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು, ಕುಳಿತಾಗಿನ ಸೊಂಟದ ಅಗಲ. ಆಸನದ ಅಗಲವೂ ಅಷ್ಟೇ ಇರಬೇಕು. ಎರಡನೆಯದು, ಸೊಂಟದ ಹಿಂಬದಿಯಿಂದ ಮೊಣಕಾಲ ಹಿಂಬದಿಯವರೆಗಿನ ಉದ್ದ. ಆಸನದ ಆಳ ಅದಕ್ಕಿಂತ 3ರಿಂದ 5 ಸೆಂಟಿಮೀಟರ್ ಕಡಿಮೆ ಇರಬೇಕು, ಇಲ್ಲವಾದರೆ ಅಂಚು ಒತ್ತುತ್ತದೆ. ಮೂರನೆಯದು, ಮೊಣಕಾಲ ಹಿಂಬದಿಯಿಂದ ಹಿಮ್ಮಡಿಯವರೆಗಿನ ಉದ್ದ; ಪಾದದಾಣಿಯ ಎತ್ತರ ಇದರಿಂದ ತಿಳಿಯುತ್ತದೆ. ನಾಲ್ಕನೆಯದು, ಆಸನದಿಂದ ಬೆನ್ನಿನ ಎತ್ತರ. ಚಕ್ರ ತಳ್ಳುವಾಗ ತೋಳುಗಳಿಗೆ ಅಡ್ಡಿಯಾಗದಷ್ಟು ಆಸರೆ ಸಾಕು. ಹಿಂಚಕ್ರದ ಅಚ್ಚನ್ನು ಮುಂದಕ್ಕೆ ಸರಿಸಿದರೆ ತಳ್ಳುವುದು ಹಗುರ, ಆದರೆ ಕುರ್ಚಿ ಹಿಂದಕ್ಕೆ ಮಗುಚುವ ಭಯವುಂಟು. ಆದುದರಿಂದ ಚೌಕಟ್ಟಿಗೆ ಕೈ ಹಾಕುವ ಮುನ್ನ ತರಬೇತಿ ಪಡೆದವರನ್ನು ಕೇಳುವುದು ಅವಶ್ಯ.

ಸರಕಾರದ ದಾರಿಗಳೂ ಇವೆ. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪಿತವಾದ ಕೇಂದ್ರ ಸರಕಾರದ ಅಲಿಮ್ಕೋ ಸಂಸ್ಥೆಯು ಗಾಲಿಕುರ್ಚಿಗಳನ್ನು ತಯಾರಿಸುತ್ತದೆ. ಗ್ರಾಮ ಪಂಚಾಯತಿಗಳು ತಮ್ಮ ನಿಧಿಯಲ್ಲಿ ಶೇಕಡಾ 5ರಷ್ಟನ್ನು ವಿಕಲಚೇತನರ ಏಳಿಗೆಗೆ ಮೀಸಲಿಡಬೇಕೆಂಬ ನಿಯಮವಿದೆ. ಪಂಚಾಯತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರಲ್ಲಿ ಅನೇಕರು ಸ್ವತಃ ವಿಕಲಚೇತನರು. ಅರ್ಜಿ ಕೊಡುವಾಗ ‘ಗಾಲಿಕುರ್ಚಿ ಬೇಕು’ ಎಂದಷ್ಟೇ ಬರೆಯದೆ ಅಳತೆಗಳನ್ನೂ, ದಿಂಬಿನ ಅಗತ್ಯವನ್ನೂ ಬರೆದು ಕೊಡಬೇಕು. ಕೇಳುವವರು ಸರಿಯಾಗಿ ಕೇಳತೊಡಗಿದರೆ ಕೊಡುವವರೂ ಸರಿಯಾದುದನ್ನು ಕೊಡಲೇಬೇಕಾಗುತ್ತದೆ.

2011ರ ಜನಗಣತಿಯಂತೆ ಭಾರತದಲ್ಲಿ ವಿಕಲಚೇತನರ ಸಂಖ್ಯೆ 2.68 ಕೋಟಿ; ಅವರಲ್ಲಿ ಚಲನೆಯ ತೊಂದರೆಯುಳ್ಳವರೇ 54 ಲಕ್ಷ. ಅವರಲ್ಲಿ ಒಬ್ಬರು ನಿಮ್ಮ ಮನೆಯಲ್ಲಿ ಅಥವಾ ನಿಮ್ಮ ಓಣಿಯಲ್ಲಿ ಇದ್ದಾರು. ಈ ವಾರ ಬಿಡುವು ಮಾಡಿಕೊಂಡು ಅವರ ಬಳಿ ಕುಳಿತು, “ಎಲ್ಲಿ ಒತ್ತುತ್ತದೆ? ಎಲ್ಲಿಗೆ ಹೋಗಬೇಕೆನಿಸಿದೆ, ಹೋಗಲಾಗುತ್ತಿಲ್ಲ?” ಎಂಬ ಎರಡು ಪ್ರಶ್ನೆಗಳನ್ನು ಕೇಳಿರಿ. ಅವರ ಉತ್ತರವನ್ನು ಬರೆದುಕೊಂಡು ಬಡಿಗೇರರ ಮನೆಗೋ, ಸೈಕಲ್ ಅಂಗಡಿಗೋ, ಪಂಚಾಯತಿಗೋ ಹೋಗಿರಿ. ಉಳಿದ ಕೆಲಸಕ್ಕೆ ನಮ್ಮ ಊರುಗಳಲ್ಲಿ ಕೈಗಳ ಕೊರತೆಯಿಲ್ಲ.